ಮುಟ್ಟು ನಿಂತ ಮೇಲೆ ಏರುವ ಶುಗರ್, ಕೊಲೆಸ್ಟ್ರಾಲ್, ಸೊಂಟ: ಹಾರ್ಮೋನ್ ಇಲ್ಲದೆ ಹಿಡಿತಕ್ಕೆ ತರುವುದು ಹೇಗೆ?

ಹಾಸನದಿಂದ ನನ್ನ ಅತ್ತಿಗೆ ಫೋನ್ ಮಾಡಿದಾಗ ಲ್ಯಾಬ್ ರಿಪೋರ್ಟ್ ಅವರ ಕೈಯಲ್ಲೇ ಇತ್ತು. ಹಾಳೆ ಮಗುಚುವ ಸದ್ದು ಕೇಳುತ್ತಿತ್ತು. "ಮೂರು ತಿಂಗಳ ಶುಗರ್ 6.1 ಅಂತೆ. ಕೆಟ್ಟ ಕೊಲೆಸ್ಟ್ರಾಲ್ 158. ನಾನೇನು ಜಾಸ್ತಿ ತಿಂತಿಲ್ಲ ಕಣೇ, ಮೊದಲಿನ ಹಾಗೇ ಇದೀನಿ" ಎಂದರು. ಮುಟ್ಟು ನಿಂತು ಎರಡು ವರ್ಷವಾಗಿತ್ತು. ಅದಕ್ಕೂ ಮುಂಚೆ ಸ್ತನ ಕ್ಯಾನ್ಸರ್‌ಗೆ ಚಿಕಿತ್ಸೆ ಆಗಿತ್ತು. "ಪಕ್ಕದ ಮನೆಯವರು ಹಾರ್ಮೋನ್ ಮಾತ್ರೆ ತಗೊಂಡು ಆರಾಮಾಗಿದಾರೆ. ನಂಗೆ ಅದನ್ನ ಕೊಡೋ ಹಾಗೇ ಇಲ್ವಂತೆ. ಮುಂದೇನು?"

ಆ 'ಮುಂದೇನು'ಗೆ ಉತ್ತರವಾಗಿ ಅವರಿಗೆ ಒಂದೊಂದಾಗಿ ಹೇಳಿದ್ದನ್ನು, ಅವರ ವೈದ್ಯರೊಂದಿಗೆ ಕೂತು ತಿದ್ದಿಕೊಂಡಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಹಾರ್ಮೋನ್ ತೆಗೆದುಕೊಳ್ಳಲಾಗದವರಿಗೆ, ಬೇಡವೆಂದವರಿಗೆ, ಯಾರೂ ಆ ಮಾತನ್ನೇ ಎತ್ತದ ಊರಿನಲ್ಲಿರುವವರಿಗೆ ಇದು. ನೀವು ಈಗಾಗಲೇ ಔಷಧಿ ತೆಗೆದುಕೊಳ್ಳುತ್ತಿದ್ದರೆ ಇದನ್ನು ಓದಿ ಯಾವುದನ್ನೂ ನಿಲ್ಲಿಸಬೇಡಿ.

ಮೊದಲು, ಒಳಗೆ ಏನಾಗುತ್ತದೆ ಎಂಬುದು. ಹನ್ನೆರಡು ತಿಂಗಳು ಸತತವಾಗಿ ಮುಟ್ಟಾಗದಿದ್ದರೆ ಋತುಬಂಧ ಆಯಿತೆಂದು ಲೆಕ್ಕ. ನಮ್ಮ ದೇಶದಲ್ಲಿ ಅದು ಸರಾಸರಿ 46-47ನೇ ವಯಸ್ಸಿಗೇ ಬರುತ್ತದೆ, ಪಶ್ಚಿಮದ ದೇಶಗಳಲ್ಲಿ 51ರ ಸುಮಾರಿಗೆ. ಅಂಡಾಶಯ ಈಸ್ಟ್ರೋಜನ್ ಮಾಡುವುದನ್ನು ನಿಲ್ಲಿಸಿದಾಗ, ಅಲ್ಲಿಯವರೆಗೆ ತೊಡೆ ಮತ್ತು ಪೃಷ್ಠದಲ್ಲಿ ಕೂರುತ್ತಿದ್ದ ಕೊಬ್ಬು ಹೊಟ್ಟೆಯೊಳಗೆ, ಕರುಳು ಮತ್ತು ಲಿವರ್ ಸುತ್ತ ಕೂರಲು ಶುರುವಾಗುತ್ತದೆ. ರಕ್ತದಿಂದ ಕೆಟ್ಟ ಎಲ್‌ಡಿಎಲ್ ಕೊಲೆಸ್ಟ್ರಾಲನ್ನು ಎಳೆದುಕೊಳ್ಳುವ ಲಿವರ್‌ನ ಶಕ್ತಿ ಕುಗ್ಗುತ್ತದೆ. ವಯಸ್ಸಿನ ಜೊತೆ ಸ್ನಾಯುವೂ ಕರಗುತ್ತಿರುತ್ತದೆ. ಊಟದ ಸಕ್ಕರೆಯನ್ನು ಹೆಚ್ಚಾಗಿ ಹೀರಿಕೊಳ್ಳುವುದು ಸ್ನಾಯುವೇ ಆದ್ದರಿಂದ, ಅದು ಕಡಿಮೆಯಾದರೆ ಅದೇ ಅನ್ನ, ಅದೇ ಮುದ್ದೆ ರಕ್ತದಲ್ಲಿ ಹೆಚ್ಚು ಸಕ್ಕರೆಯಾಗಿ ನಿಲ್ಲುತ್ತದೆ. ಸಾವಿರಾರು ಮಹಿಳೆಯರನ್ನು ವರ್ಷಗಟ್ಟಲೆ ಹಿಂಬಾಲಿಸಿದ ಅಮೆರಿಕದ 'ಸ್ವಾನ್' ಅಧ್ಯಯನದಲ್ಲಿ ಕೊಲೆಸ್ಟ್ರಾಲ್ ಎದ್ದು ಕಾಣುವಂತೆ ಏರಿದ್ದು ಕೊನೆಯ ಮುಟ್ಟಿನ ಆಸುಪಾಸಿನ ಒಂದು ವರ್ಷದಲ್ಲೇ. ಅತ್ತಿಗೆ ಹೇಳಿದ್ದು ನಿಜ. ಅವರು ಬದಲಾಗಿರಲಿಲ್ಲ, ಅವರ ದೇಹದ ಲೆಕ್ಕ ಬದಲಾಗಿತ್ತು.

ಹಂತ 1: ಹಾರ್ಮೋನ್ ಪ್ರಶ್ನೆಯನ್ನು ಒಮ್ಮೆ ಸರಿಯಾಗಿ ಇತ್ಯರ್ಥ ಮಾಡಿಕೊಳ್ಳಿ

ಹಾರ್ಮೋನ್ ಚಿಕಿತ್ಸೆ ಮುಖ್ಯವಾಗಿ ಇರುವುದು ಬಿಸಿಯುಬ್ಬರ, ರಾತ್ರಿ ಬೆವರು, ಯೋನಿಯ ಶುಷ್ಕತೆಯಂಥ ತೊಂದರೆಗಳಿಗೆ. ಶುಗರ್, ಕೊಲೆಸ್ಟ್ರಾಲ್, ಹೃದಯರೋಗ ಬಾರದಂತೆ ತಡೆಯಲೆಂದೇ ಅದನ್ನು ಕೊಡುವ ರೂಢಿ ಇಲ್ಲ. 'ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್' ಎಂಬ ಅಮೆರಿಕದ ದೊಡ್ಡ ಪ್ರಯೋಗದಲ್ಲಿ ಎರಡು ಹಾರ್ಮೋನ್‌ಗಳನ್ನು ಒಟ್ಟಿಗೆ ಕೊಡುತ್ತಿದ್ದ ಭಾಗವನ್ನು 2002ರಲ್ಲಿ ಅವಧಿಗೆ ಮುನ್ನವೇ ನಿಲ್ಲಿಸಿದರು. ಸ್ತನ ಕ್ಯಾನ್ಸರ್, ಪಾರ್ಶ್ವವಾಯು, ರಕ್ತ ಹೆಪ್ಪುಗಟ್ಟುವ ಪ್ರಕರಣಗಳು ಹೆಚ್ಚಾಗಿದ್ದವು. ಅದೇ ಪ್ರಯೋಗದಲ್ಲಿ ಮಧುಮೇಹ ಬಂದವರ ಸಂಖ್ಯೆ ಕಡಿಮೆಯಾಗಿದ್ದೂ ನಿಜ. ಆದರೆ ಆ ಒಂದು ಲಾಭಕ್ಕಾಗಿ ಉಳಿದ ಅಪಾಯ ಹೊರುವುದು ಸರಿಯಲ್ಲ, ಅದಕ್ಕೆ ಬೇರೆ ಸುರಕ್ಷಿತ ದಾರಿಗಳಿವೆ ಎಂಬುದು ಇಂದಿಗೂ ವೈದ್ಯಲೋಕದ ನಿಲುವು. ಆದ್ದರಿಂದ ಪಕ್ಕದ ಮನೆಯವರಿಗೆ ಸಿಕ್ಕಿದ್ದು ತನಗೆ ಸಿಗಲಿಲ್ಲವೆಂದು ಅತ್ತಿಗೆ ಕೊರಗಬೇಕಾಗಿಯೇ ಇರಲಿಲ್ಲ.

ಒಂದು ಗುಂಪಿನವರಿಗೆ ಮಾತ್ರ ಬೇರೆ ಮಾತು. ನಲವತ್ತಕ್ಕಿಂತ ಮೊದಲೇ ಮುಟ್ಟು ನಿಂತವರು, ಅಥವಾ ಆಪರೇಷನ್‌ನಲ್ಲಿ ಗರ್ಭಕೋಶದ ಜೊತೆ ಎರಡೂ ಅಂಡಾಶಯಗಳನ್ನು 45ಕ್ಕಿಂತ ಮುಂಚೆ ತೆಗೆಸಿಕೊಂಡವರು. ನಮ್ಮ ಹಳ್ಳಿಗಳಲ್ಲಿ ಮೂವತ್ತು ಮೂವತ್ತೈದಕ್ಕೇ ಗರ್ಭಕೋಶ ತೆಗೆಸಿಕೊಂಡ ಹೆಂಗಸರು ಎಷ್ಟೋ ಮಂದಿ. ಅಂಡಾಶಯ ಉಳಿಸಿದ್ದಾರೋ ಇಲ್ಲವೋ ಎಂಬುದೇ ಹಲವರಿಗೆ ಗೊತ್ತಿರುವುದಿಲ್ಲ, ಯಾರೂ ಹೇಳಿರುವುದಿಲ್ಲ. ಇದು ನನಗೆ ತುಂಬ ನೋವಿನ ಸಂಗತಿ. ನೀವು ಆ ಗುಂಪಿನವರಾದರೆ ಡಿಸ್ಚಾರ್ಜ್ ಸಮ್ಮರಿ ಹುಡುಕಿ ತೆಗೆಯಿರಿ, ಸ್ತ್ರೀರೋಗ ತಜ್ಞರಿಗೆ ತೋರಿಸಿ. ಬೇರೆ ತೊಡಕಿಲ್ಲದಿದ್ದರೆ ಸಹಜ ಋತುಬಂಧದ ವಯಸ್ಸಿನವರೆಗೆ ಹಾರ್ಮೋನ್ ಕೊಡುವುದೇ ಸಾಮಾನ್ಯ ಸಲಹೆ. ಯಾರೋ ಹೆದರಿಸಿದರೆಂದು ಅದನ್ನು ತಳ್ಳಿಹಾಕಬೇಡಿ.

ಸ್ತನ ಕ್ಯಾನ್ಸರ್ ಆಗಿದ್ದವರು, ಕಾಲಿನಲ್ಲೋ ಶ್ವಾಸಕೋಶದಲ್ಲೋ ರಕ್ತ ಹೆಪ್ಪುಗಟ್ಟಿದ್ದವರು, ಪಾರ್ಶ್ವವಾಯು ಅಥವಾ ಹೃದಯಾಘಾತ ಆಗಿದ್ದವರು, ತೀವ್ರ ಲಿವರ್ ಕಾಯಿಲೆಯವರು ಮುಂದಿನ ಹಂತಗಳಿಗೆ ನೇರವಾಗಿ ಬನ್ನಿ. ಮುಟ್ಟು ನಿಂತು ವರ್ಷವಾದ ಮೇಲೆ ಒಂದು ಹನಿ ರಕ್ತ ಕಂಡರೂ ಈ ಲೇಖನ ಬದಿಗಿಟ್ಟು ಮೊದಲು ವೈದ್ಯರ ಬಳಿ ಹೋಗಿ. ಹೊಟ್ಟೆಯ ಬೊಜ್ಜು, ಶುಗರ್ ಇರುವವರಲ್ಲಿ ಗರ್ಭಕೋಶದ ಒಳಪದರದ ಕ್ಯಾನ್ಸರ್ ಹೆಚ್ಚು, ಅದರ ಮೊದಲ ಸುಳಿವು ಇಂಥ ರಕ್ತಸ್ರಾವವೇ ಆಗಿರಬಹುದು. ಬೇಗ ಕಂಡರೆ ಅದು ಚೆನ್ನಾಗಿ ವಾಸಿಯಾಗುವ ಕ್ಯಾನ್ಸರ್.

ಹಂತ 2: ಒಂದು ದಾರ, ಒಂದು ಬಿಪಿ ಯಂತ್ರ, ಒಂದು ರಕ್ತಪರೀಕ್ಷೆ

ತೂಕದ ಯಂತ್ರಕ್ಕಿಂತ ಮುಂಚೆ ಒಂದು ದಾರ ತೆಗೆದುಕೊಳ್ಳಿ. ತಲೆಯಿಂದ ಹಿಮ್ಮಡಿಯವರೆಗೆ ನಿಮ್ಮ ಎತ್ತರಕ್ಕೆ ಅಳೆದು ಕತ್ತರಿಸಿ, ಸರಿಯಾಗಿ ಎರಡು ಮಡಿಕೆ ಮಾಡಿ. ಆ ಅರ್ಧ ದಾರ ನಿಮ್ಮ ಹೊಟ್ಟೆಯನ್ನು ಸುತ್ತಿ ಬಂದು ತುದಿಗೆ ತುದಿ ಮುಟ್ಟಬೇಕು. ಮುಟ್ಟದಿದ್ದರೆ ಒಳಗೊಬ್ಬು ಹೆಚ್ಚಾಗಿದೆ. ಸುತ್ತುವ ಜಾಗ ಮುಖ್ಯ. ಸೀರೆ ಕಟ್ಟುವಲ್ಲಿ ಅಲ್ಲ, ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ, ಉಸಿರು ಬಿಟ್ಟ ಮೇಲೆ, ಹೊಟ್ಟೆ ಒಳಗೆಳೆದುಕೊಳ್ಳದೆ. ಟೇಪ್ ಇದ್ದರೆ, ನಮ್ಮ ನಾಡಿನ ಹೆಂಗಸರಿಗೆ ಮಿತಿ 80 ಸೆಂಟಿಮೀಟರ್.

ಬಿಪಿ ನೋಡಿಸುವಾಗ ಮೆಟ್ಟಿಲು ಹತ್ತಿ ಬಂದ ಕೂಡಲೇ ತೋಳು ಚಾಚಬೇಡಿ. ಮೂತ್ರಕ್ಕೆ ಹೋಗಿ ಬಂದು, ಬೆನ್ನು ಆನಿಸಿ, ಐದು ನಿಮಿಷ ಸುಮ್ಮನೆ ಕೂತು, ಕೈ ಎದೆಯ ಮಟ್ಟಕ್ಕೆ ಇಟ್ಟು ಎರಡು ಬಾರಿ ಅಳೆಸಿ. ಮನೆಯಲ್ಲಿ ಮತ್ತೆ ಮತ್ತೆ 135/85 ದಾಟಿದರೆ ವೈದ್ಯರಿಗೆ ತಿಳಿಸಿ.

ರಕ್ತಕ್ಕೆ ಕೇಳಬೇಕಾದದ್ದು: ಖಾಲಿಹೊಟ್ಟೆಯ ಶುಗರ್, ಎಚ್‌ಬಿಎ1ಸಿ ಎಂಬ ಮೂರು ತಿಂಗಳ ಸರಾಸರಿ ಶುಗರ್, ಲಿಪಿಡ್ ಪ್ರೊಫೈಲ್, ಥೈರಾಯ್ಡ್‌ನ ಟಿಎಸ್‌ಎಚ್, ಕ್ರಿಯಾಟಿನಿನ್, ಲಿವರ್ ಪರೀಕ್ಷೆ, ಹಿಮೋಗ್ಲೋಬಿನ್. ಥೈರಾಯ್ಡ್ ಏಕೆಂದರೆ, ಅದು ಮಂದವಾದರೂ ತೂಕ ಮತ್ತು ಕೊಲೆಸ್ಟ್ರಾಲ್ ಎರಡೂ ಏರುತ್ತವೆ, ಸುಸ್ತು ಬರುತ್ತದೆ, ನಾವು ಎಲ್ಲವನ್ನೂ ಋತುಬಂಧದ ತಲೆಗೆ ಕಟ್ಟಿಬಿಡುತ್ತೇವೆ. ಹಿಮೋಗ್ಲೋಬಿನ್ ಏಕೆಂದರೆ, ಕಬ್ಬಿಣದ ಕೊರತೆಯಿದ್ದರೆ ಎಚ್‌ಬಿಎ1ಸಿ ಇರುವುದಕ್ಕಿಂತ ಜಾಸ್ತಿ ತೋರಿಸಬಹುದು. ಮುಟ್ಟು ನಿಲ್ಲುವ ಮೊದಲಿನ ವರ್ಷಗಳಲ್ಲಿ ಅತಿಯಾಗಿ ರಕ್ತ ಹೋದವರಲ್ಲಿ ಇದು ಸಾಮಾನ್ಯ. ಅಂಥವರು ಆ ಒಂದೇ ಅಂಕಿಯನ್ನು ನಂಬದೆ ಖಾಲಿಹೊಟ್ಟೆಯ ಶುಗರ್ ಜೊತೆಗಿಟ್ಟು ನೋಡಬೇಕು.

ಈಗ ಐದು ಅಂಕಿಗಳನ್ನು ಒಂದೇ ಹಾಳೆಯಲ್ಲಿ ಬರೆಯಿರಿ. ಸೊಂಟ 80 ಅಥವಾ ಹೆಚ್ಚು, ಟ್ರೈಗ್ಲಿಸರೈಡ್ 150 ಅಥವಾ ಹೆಚ್ಚು, ಒಳ್ಳೆಯ ಕೊಲೆಸ್ಟ್ರಾಲ್ ಎಚ್‌ಡಿಎಲ್ 50ಕ್ಕಿಂತ ಕಡಿಮೆ, ಬಿಪಿ 130/85 ಅಥವಾ ಹೆಚ್ಚು, ಖಾಲಿಹೊಟ್ಟೆಯ ಶುಗರ್ 100 ಅಥವಾ ಹೆಚ್ಚು. ಇವುಗಳಲ್ಲಿ ಯಾವುದಾದರೂ ಮೂರು ಇದ್ದರೆ ವೈದ್ಯರು ಮೆಟಬಾಲಿಕ್ ಸಿಂಡ್ರೋಮ್ ಎನ್ನುತ್ತಾರೆ. ಎಚ್‌ಬಿಎ1ಸಿ 5.7ರಿಂದ 6.4ರವರೆಗೆ ಮಧುಮೇಹದ ಹೊಸ್ತಿಲು, 6.5ರಿಂದ ಮಧುಮೇಹ. ಅತ್ತಿಗೆಗೆ ಆ ಐದರಲ್ಲಿ ನಾಲ್ಕು ಇದ್ದವು. ಶುಗರ್‌ಗೆ ಒಬ್ಬರು, ಬಿಪಿಗೆ ಇನ್ನೊಬ್ಬರು, ಲಿವರ್ ಸ್ಕ್ಯಾನ್‌ಗೆ ಮತ್ತೊಬ್ಬರು ಎಂದು ಅಲೆಯುತ್ತಿದ್ದ ಅವರಿಗೆ, ಇದೆಲ್ಲ ಒಂದೇ ಬೇರಿನ ಗಿಡವೆಂದು ಆ ಹಾಳೆ ನೋಡಿದ ಮೇಲೆಯೇ ಗೊತ್ತಾಗಿದ್ದು.

ದುಡ್ಡಿನ ತೊಂದರೆಯಿದ್ದರೆ ಹತ್ತಿರದ ಸರ್ಕಾರಿ 'ನಮ್ಮ ಕ್ಲಿನಿಕ್', ಪ್ರಾಥಮಿಕ ಆರೋಗ್ಯ ಕೇಂದ್ರ, ತಾಲ್ಲೂಕು ಆಸ್ಪತ್ರೆಯಲ್ಲಿ ಬಿಪಿ, ಶುಗರ್ ತಪಾಸಣೆ ಉಚಿತ. ಕೋಲಾರದಲ್ಲಿ 2024ರಲ್ಲಿ ಶುರುವಾದ ಗೃಹ ಆರೋಗ್ಯ ಯೋಜನೆಯಡಿ ಮನೆಬಾಗಿಲಿಗೇ ಬಂದು ನೋಡುತ್ತಾರೆ. ಆಶಾ ಕಾರ್ಯಕರ್ತೆ ಬಂದಾಗ ಗಂಡನನ್ನೂ ಅತ್ತೆಯನ್ನೂ ಮುಂದೆ ಕೂರಿಸಿ ನೀವು ಒಳಗೆ ಕಾಫಿ ಮಾಡಲು ಹೋಗಬೇಡಿ. ನಿಮ್ಮ ತೋಳೂ ಚಾಚಿ.

ಹಂತ 3: ತಟ್ಟೆಯನ್ನು ತಿರುಗಿಸಿ

ಇಲ್ಲಿ ನಿಧಾನವಾಗಿ ಹೋಗೋಣ, ಹೆಚ್ಚಿನ ಕೆಲಸ ಆಗುವುದು ಇಲ್ಲೇ.

ಮೊದಲ ವಾರ ಏನನ್ನೂ ಬದಲಿಸದೆ ತಿಂದದ್ದನ್ನೆಲ್ಲ ಬರೆದಿಡಿ. ಪಾತ್ರೆಯ ತಳದ ಅನ್ನ ಹಾಳಾಗುತ್ತದಲ್ಲ ಎಂದು ತಿಂದದ್ದು, ಮೊಮ್ಮಗು ಬಿಟ್ಟ ಅರ್ಧ ದೋಸೆ, ಸಂಜೆ ಬಿಸ್ಕತ್ತು, ಎಲ್ಲವನ್ನೂ. ಅತ್ತಿಗೆಯ ಪುಸ್ತಕದಲ್ಲಿ ದಿನಕ್ಕೆ ನಾಲ್ಕು ಲೋಟ ಕಾಫಿ, ಲೋಟಕ್ಕೆ ಎರಡು ಚಮಚ ಸಕ್ಕರೆ. ಅಲ್ಲಿಗೆ ಎಂಟು ಚಮಚ, 30 ಗ್ರಾಂ ದಾಟಿತು. ವಿಶ್ವ ಆರೋಗ್ಯ ಸಂಸ್ಥೆ ಇಡೀ ದಿನಕ್ಕೆ 25 ಗ್ರಾಂ ಒಳಗಿದ್ದರೆ ಒಳ್ಳೆಯದು ಎನ್ನುತ್ತದೆ. ಅವರು ಬೆಲ್ಲಕ್ಕೆ ಬದಲಾಯಿಸುತ್ತೇನೆಂದರು. ರಕ್ತದ ಶುಗರ್ ಲೆಕ್ಕದಲ್ಲಿ ಬೆಲ್ಲವೂ ಸಕ್ಕರೆಯೇ. ವಾರಕ್ಕೆ ಅರ್ಧ ಚಮಚದಂತೆ ಇಳಿಸುತ್ತಾ ಬಂದರು, ನಾಲಿಗೆ ಒಂದೂವರೆ ತಿಂಗಳಲ್ಲಿ ಒಗ್ಗಿತು.

ಎರಡನೇ ವಾರದಿಂದ ಒಂದೇ ನಿಯಮ: ಪ್ರತಿ ಊಟದಲ್ಲೂ ಮೊದಲು ಕಾಳು, ತರಕಾರಿ, ಮೊಸರು, ಮೊಟ್ಟೆ, ಮೀನು ಇವುಗಳಿಗೆ ಜಾಗ ಮಾಡಿ, ಆಮೇಲೆ ಅನ್ನವೋ ಮುದ್ದೆಯೋ ರೊಟ್ಟಿಯೋ ಬರಲಿ. ತಟ್ಟೆಯ ಅರ್ಧ ಪಲ್ಯ, ಸೊಪ್ಪು, ಕೋಸಂಬರಿ. ಕಾಲು ಭಾಗ ಪ್ರೋಟೀನ್. ಉಳಿದ ಕಾಲು ಧಾನ್ಯ. ತಿನ್ನುವಾಗಲೂ ಅದೇ ಸರದಿ. ಪಲ್ಯ, ಕಾಳು ಮೊದಲು ಹೊಟ್ಟೆಗೆ ಹೋದರೆ ಊಟದ ನಂತರ ಶುಗರ್ ಅಷ್ಟು ಜಿಗಿಯುವುದಿಲ್ಲ. ಹಬ್ಬದೂಟದಲ್ಲಿ ಎಲೆಗೆ ಕೋಸಂಬರಿ, ಪಲ್ಯ ಮೊದಲು ಬಡಿಸಿ ಅನ್ನ ಆಮೇಲೆ ಬಡಿಸುವ ಕ್ರಮ ನಮ್ಮಲ್ಲಿ ಇದ್ದೇ ಇದೆ.

ಪ್ರೋಟೀನ್ ಎಷ್ಟು? 60 ಕಿಲೋ ತೂಕದವರು ದಿನಕ್ಕೆ 60 ಗ್ರಾಂ ಗುರಿಯಿಟ್ಟುಕೊಳ್ಳಲಿ. ಕಿಡ್ನಿ ತೊಂದರೆ ಇರುವವರು ಮಾತ್ರ ವೈದ್ಯರನ್ನು ಕೇಳಿಯೇ. ಒಂದು ಮೊಟ್ಟೆಯಲ್ಲಿ 6 ಗ್ರಾಂ, ದೊಡ್ಡ ಬಟ್ಟಲು ಮೊಸರಿನಲ್ಲಿ 6-7, ಒಂದು ಹಿಡಿ ಒಣ ಬೇಳೆ ಅಥವಾ ಕಾಳು ಬೇಯಿಸಿದರೆ ಸುಮಾರು 7, ಒಂದು ಹಿಡಿ ಶೇಂಗಾದಲ್ಲಿ ಅಷ್ಟೇ, 100 ಗ್ರಾಂ ಪನೀರಿನಲ್ಲಿ 18ರ ಆಸುಪಾಸು, ಅಷ್ಟೇ ಮೀನಿನಲ್ಲಿ 20. ನಮ್ಮ ಬೆಳಗಿನ ತಿಂಡಿಯೇ ಇಲ್ಲಿ ದೊಡ್ಡ ತೂತು. ಚಿತ್ರಾನ್ನ, ಉಪ್ಪಿಟ್ಟು, ಅವಲಕ್ಕಿ, ತಟ್ಟೆ ಇಡ್ಲಿ, ಎಲ್ಲದರಲ್ಲೂ ಪಿಷ್ಟವೇ ಮುಕ್ಕಾಲು ಪಾಲು. ಅವನ್ನು ಬಿಡಿ ಎನ್ನುತ್ತಿಲ್ಲ. ಉಪ್ಪಿಟ್ಟು ಅರ್ಧ ಮಾಡಿ, ಜೊತೆಗೆ ಮೊಳಕೆ ಹೆಸರುಕಾಳಿನ ಉಸಲಿ ಇರಲಿ. ಅಕ್ಕಿ ದೋಸೆಯ ಬದಲು ವಾರಕ್ಕೆ ಮೂರು ದಿನ ಹೆಸರುಬೇಳೆ ದೋಸೆ ಹುಯ್ಯಿರಿ. ತಿನ್ನುವವರು ಎರಡು ಮೊಟ್ಟೆ ಬೇಯಿಸಿಕೊಳ್ಳಿ.

ರಾಗಿಯ ಬಗ್ಗೆ ಒಂದು ಮಾತು ಹೇಳಲೇಬೇಕು, ನಮ್ಮ ಹಳೇ ಮೈಸೂರಿನವರಿಗೆ ಕೊಂಚ ಬೇಸರವಾದರೂ. ರಾಗಿ ಒಳ್ಳೆಯದು. 100 ಗ್ರಾಂ ಹಿಟ್ಟಿನಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಬೇರಾವ ಧಾನ್ಯದಲ್ಲೂ ಅಷ್ಟಿಲ್ಲ. ಮುಟ್ಟು ನಿಂತ ಹೆಂಗಸರಿಗೆ ದಿನಕ್ಕೆ 1200 ಮಿಲಿಗ್ರಾಂ ಬೇಕೆಂದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಹೇಳಿರುವುದರಿಂದ ಅದು ದೊಡ್ಡ ಕೊಡುಗೆಯೇ. ಆದರೆ ಅದೇ 100 ಗ್ರಾಂ ಹಿಟ್ಟಿನಲ್ಲಿ 70 ಗ್ರಾಂ ಹತ್ತಿರ ಪಿಷ್ಟವೂ ಇದೆ. ನುಣ್ಣಗೆ ಬೀಸಿ, ಚೆನ್ನಾಗಿ ಬೇಯಿಸಿ, ತೆಂಗಿನಕಾಯಿ ಗಾತ್ರಕ್ಕೆ ಕಟ್ಟಿದ ಮುದ್ದೆ ಶುಗರನ್ನು ಅನ್ನದ ಹಾಗೇ ಏರಿಸಬಲ್ಲದು. ಅಂಬಲಿ, ಮಾಲ್ಟ್ ಇನ್ನೂ ಬೇಗ. ಆದ್ದರಿಂದ ಮುದ್ದೆ ನಿಮ್ಮ ಮುಷ್ಟಿಯಷ್ಟು, ಅದರ ಜೊತೆ ಸಾರು ನೀರಾಗಿರದೆ ಹುರುಳಿ, ಅವರೆ, ಅಲಸಂದೆ ಎದ್ದು ಕಾಣುವಂತಿರಲಿ. ಬಸ್ಸಾರು ಮಾಡಿದ ದಿನ ಬಸಿದ ಕಾಳು, ಸೊಪ್ಪಿನ ಪಲ್ಯವೇ ತಟ್ಟೆಯ ಒಡೆಯ.

ಉತ್ತರ ಕರ್ನಾಟಕದವರ ಊಟ ಈ ವಿಷಯದಲ್ಲಿ ನನಗೆ ಬಹಳ ಇಷ್ಟ. ಜೋಳದ ರೊಟ್ಟಿ, ಕಾಳು ಪಲ್ಯ, ಪುಂಡಿ ಪಲ್ಯ, ಹಸಿ ಮೆಂತ್ಯ ಸೊಪ್ಪು, ಮೊಸರು, ಅಗಸಿ ಚಟ್ನಿ. ಮೂರನೇ ರೊಟ್ಟಿಯನ್ನೂ ಕೊನೆಯ ಅನ್ನವನ್ನೂ ಬಿಟ್ಟರೆ ಮತ್ತೇನೂ ತಿದ್ದಬೇಕಿಲ್ಲ. ಕರಾವಳಿಯವರಿಗೆ ಬಂಗುಡೆ, ಬೂತಾಯಿ ಇದೆ. ಟ್ರೈಗ್ಲಿಸರೈಡ್‌ಗೆ ಒಳ್ಳೆಯದಾದ ಒಮೇಗಾ-3 ಅದರಲ್ಲಿ ಧಾರಾಳ. ಎಣ್ಣೆಯಲ್ಲಿ ಹುರಿಯದೆ ಗಸಿ ಮಾಡಿ, ಕುಚ್ಚಲಕ್ಕಿ ಅನ್ನ ಅಳೆದು ಹಾಕಿಕೊಳ್ಳಿ. ತೆಂಗಿನೆಣ್ಣೆ ಎಲ್‌ಡಿಎಲ್ ಏರಿಸುತ್ತದೆ. ಒಗ್ಗರಣೆಗಷ್ಟೇ ಇರಲಿ.

ಎಣ್ಣೆಗೆ ಸುಲಭದ ಲೆಕ್ಕವೊಂದಿದೆ. ತಿಂಗಳಿಗೆ ಒಬ್ಬರಿಗೆ ಅರ್ಧ ಲೀಟರಿನಷ್ಟು. ನಾಲ್ವರ ಮನೆಗೆ ಎರಡು ಲೀಟರ್ ತಂದಿಟ್ಟು ತಿಂಗಳ ಕೊನೆವರೆಗೆ ಬರಿಸಿ. ಉಪ್ಪು ದಿನಕ್ಕೆ ಒಟ್ಟು ಒಂದು ಚಿಕ್ಕ ಚಮಚ, 5 ಗ್ರಾಂ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆಯಲ್ಲಿರುವುದೂ ಅದರೊಳಗೇ ಬರಬೇಕು.

ಉಪವಾಸದ ವಿಷಯದಲ್ಲಿ ಎಚ್ಚರ. ಗ್ಲಿಮೆಪಿರೈಡ್‌ನಂಥ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಏಕಾದಶಿಗೋ ಶ್ರಾವಣ ಸೋಮವಾರಕ್ಕೋ ರಂಜಾನ್‌ಗೋ ಉಪವಾಸ ಮಾಡುವ ಮುನ್ನ ಡೋಸ್ ಬದಲಿಸಬೇಕೇ ಎಂದು ಕೇಳಲೇಬೇಕು. ಊಟ ಇಳಿಸಿ ನಡಿಗೆ ಹೆಚ್ಚಿಸಿದಾಗಲೂ ಅಷ್ಟೇ. ಶುಗರ್ ತೀರ ಇಳಿದು ಕೈ ನಡುಗಿ, ಬೆವರಿ, ಕಣ್ಣು ಕತ್ತಲಾದರೆ ತಕ್ಷಣ ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಯಿರಿ.

ಹಂತ 4: ಸ್ನಾಯುವನ್ನು ಮತ್ತೆ ಕಟ್ಟಿ

"ಬೆಳಗಿನಿಂದ ರಾತ್ರಿವರೆಗೆ ನಿಂತೇ ಇರ್ತೀನಿ, ಇನ್ನೇನು ವ್ಯಾಯಾಮ?" ಎಂದು ಅತ್ತಿಗೆ ಕೇಳಿದರು. ಮನೆಗೆಲಸ ದಣಿವು ಕೊಡುತ್ತದೆ, ಅದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಒಲೆ ಮುಂದೆ ನಿಲ್ಲುವುದರಿಂದ ತೊಡೆಯ ಸ್ನಾಯು ಬೆಳೆಯುವುದಿಲ್ಲ, ಹೃದಯದ ಬಡಿತ ಬೇಕಾದಷ್ಟು ಏರುವುದಿಲ್ಲ.

ಶುರು ಹೀಗೆ. ಮೊದಲ ಎರಡು ವಾರ, ಮಧ್ಯಾಹ್ನ ಮತ್ತು ರಾತ್ರಿ ಊಟವಾದ ಮೇಲೆ ಹತ್ತು ಹತ್ತು ನಿಮಿಷ ನಡೆಯಿರಿ. ಅಂಗಳವಾದರೂ ಸರಿ, ತಾರಸಿಯಾದರೂ ಸರಿ. ಪಾತ್ರೆ ಆಮೇಲೆ ತೊಳೆಯಬಹುದು. ಊಟದ ಸಕ್ಕರೆ ರಕ್ತಕ್ಕೆ ಇಳಿಯುವ ಹೊತ್ತಿಗೆ ಕಾಲಿನ ಸ್ನಾಯು ಅದನ್ನು ಎಳೆದುಕೊಳ್ಳುತ್ತದೆ. ಆಮೇಲೆ ಬೆಳಗಿನ ಬಿರುಸು ನಡಿಗೆ ಸೇರಿಸಿ, ವಾರಕ್ಕೆ 150 ನಿಮಿಷ ತಲುಪುವವರೆಗೆ. ಬಿರುಸು ಎಂದರೆ ಮಾತಾಡಲು ಆಗಬೇಕು, ಹಾಡಲು ಆಗಬಾರದು.

ಮೂರನೇ ವಾರದಿಂದ ಬಲದ ವ್ಯಾಯಾಮ, ವಾರಕ್ಕೆ ಎರಡು ದಿನ. ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು ಹತ್ತು ಬಾರಿ. ಮಂಡಿ ನೋವಿದ್ದರೆ ಕುರ್ಚಿಯ ಮೇಲೆ ದಿಂಬು ಇಟ್ಟು ಎತ್ತರ ಮಾಡಿಕೊಳ್ಳಿ. ಗೋಡೆಗೆ ಅಂಗೈ ಊರಿ ಎದೆಯನ್ನು ಹತ್ತಿರ ತಂದು ದೂಡುವುದು ಹತ್ತು ಬಾರಿ. ಅಡುಗೆ ಕಟ್ಟೆ ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದು ಹದಿನೈದು ಬಾರಿ. ಒಂದು ಲೀಟರ್ ನೀರಿನ ಬಾಟಲಿ ಎರಡು ಕೈಯಲ್ಲಿ ಹಿಡಿದು ಮೊಣಕೈ ಮಡಚುವುದು. ಎಲ್ಲ ಒಂದು ಸುತ್ತು, ಸ್ವಲ್ಪ ವಿಶ್ರಾಂತಿ, ಇನ್ನೊಂದು ಸುತ್ತು. ಸುಲಭವಾಯಿತು ಎನ್ನಿಸಿದ ದಿನ ಕುರ್ಚಿಯ ದಿಂಬು ತೆಗೆಯಿರಿ, ಬಾಟಲಿ ಎರಡು ಲೀಟರಿನದಾಗಲಿ. ಭಾರ ಏರದಿದ್ದರೆ ಸ್ನಾಯು ಬೆಳೆಯುವುದಿಲ್ಲ. ಯೋಗ ಮಾಡುವವರು ಬಿಡಬೇಡಿ, ಆದರೆ ಪ್ರಾಣಾಯಾಮವೊಂದೇ ಇದಕ್ಕೆ ಸಾಲದು. ಎದೆಯಲ್ಲಿ ಬಿಗಿತ, ನಡೆದರೆ ಉಬ್ಬಸ ಇರುವವರು ಮೊದಲು ಹೃದಯ ತಪಾಸಣೆ ಮಾಡಿಸಿ.

ನಡೆದರೆ, ಕೆಮ್ಮಿದರೆ ಮೂತ್ರ ಸೋರುತ್ತದೆಂದು ಹೊರಗೆ ಹೋಗುವುದನ್ನೇ ಬಿಟ್ಟವರು ಬಹಳ ಮಂದಿ, ಹೇಳಿಕೊಳ್ಳುವುದಿಲ್ಲ ಅಷ್ಟೇ. ಮೂತ್ರ ತಡೆಹಿಡಿಯುವ ಸ್ನಾಯುವನ್ನು ಐದು ಎಣಿಸುವವರೆಗೆ ಬಿಗಿಹಿಡಿದು ಬಿಡುವುದನ್ನು ದಿನಕ್ಕೆ ಮೂರು ಹೊತ್ತು ಹತ್ತು ಹತ್ತು ಬಾರಿ ಮಾಡಿ. ಮೂರು ತಿಂಗಳಲ್ಲಿ ಬಹಳಷ್ಟು ಜನರಿಗೆ ಗುಣ ಕಾಣುತ್ತದೆ.

ಇಷ್ಟರಿಂದ ಏನಾದರೂ ಆಗುತ್ತದೆಯೇ ಎಂಬ ಅನುಮಾನಕ್ಕೆ ಚೆನ್ನೈನಲ್ಲಿ ಡಾ. ಎ. ರಾಮಚಂದ್ರನ್ ಅವರ ತಂಡ ಮಾಡಿದ ಪ್ರಯೋಗದಲ್ಲಿ ಉತ್ತರವಿದೆ. ಮಧುಮೇಹದ ಹೊಸ್ತಿಲಲ್ಲಿದ್ದ 531 ಭಾರತೀಯರನ್ನು ಮೂರು ವರ್ಷ ಹಿಂಬಾಲಿಸಿ 2006ರಲ್ಲಿ ಫಲಿತಾಂಶ ಪ್ರಕಟಿಸಿದರು. ಏನೂ ಮಾಡದವರಲ್ಲಿ ನೂರಕ್ಕೆ 55 ಮಂದಿಗೆ ಮಧುಮೇಹ ಬಂತು, ಊಟ ನಡಿಗೆ ತಿದ್ದಿಕೊಂಡವರಲ್ಲಿ 39 ಮಂದಿಗೆ. ಅವರ ತೂಕ ಹೇಳಿಕೊಳ್ಳುವಂತೆ ಇಳಿದಿರಲಿಲ್ಲ, ಆದರೂ ಲಾಭವಾಯಿತು. ಆ ಪ್ರಯೋಗದಲ್ಲಿ ಹೆಂಗಸರು ಐದರಲ್ಲಿ ಒಂದು ಪಾಲು ಮಾತ್ರ ಇದ್ದರೆಂಬುದು ನನ್ನ ತಕರಾರು. ಆದರೂ ಯಂತ್ರದ ಮುಳ್ಳು ಅಲುಗಲಿಲ್ಲವೆಂದು ತಿಂಗಳಿಗೇ ಕೈಬಿಡುವವರು ಇದನ್ನು ನೆನಪಿಡಿ.

ಹಂತ 5: ನಿದ್ದೆ

ರಾತ್ರಿ ಬೆವರಿ ಮೂರು ಬಾರಿ ಎದ್ದವರಿಗೆ ಮರುದಿನ ಹಸಿವೂ ಹೆಚ್ಚು, ಶುಗರೂ ಹೆಚ್ಚು. ಹತ್ತಿ ಬಟ್ಟೆ, ಫ್ಯಾನ್, ಸಂಜೆಯ ನಂತರ ಕಾಫಿ ಬಿಡುವುದು, ಇವು ಸಾಲದಿದ್ದರೆ ಬಿಸಿಯುಬ್ಬರಕ್ಕೆ ಹಾರ್ಮೋನ್ ಅಲ್ಲದ ಔಷಧಿಗಳೂ ಅರಿವಿನ ವರ್ತನಾ ಚಿಕಿತ್ಸೆಯೂ ಇವೆ. ಸ್ತ್ರೀರೋಗ ತಜ್ಞರನ್ನು ಕೇಳಿ. ಜೋರು ಗೊರಕೆ, ಉಸಿರು ಕಟ್ಟಿದಂತಾಗಿ ಎಚ್ಚರವಾಗುವುದು, ಹಗಲೆಲ್ಲ ತೂಕಡಿಕೆ ಇದ್ದರೆ ಅದು ಸ್ಲೀಪ್ ಆಪ್ನಿಯಾ ಇರಬಹುದು. ಋತುಬಂಧದ ನಂತರ ಹೆಂಗಸರಲ್ಲಿ ಅದು ಹೆಚ್ಚುತ್ತದೆ, ಬಿಪಿ ಇಳಿಯದಿರಲು ಕಾರಣವಾಗುತ್ತದೆ. ಗೊರಕೆ ಗಂಡಸರ ಕಾಯಿಲೆ ಎಂಬ ನಂಬಿಕೆಯಿಂದ ಎಷ್ಟೋ ಮಂದಿ ತಪಾಸಣೆಗೇ ಹೋಗುವುದಿಲ್ಲ.

ಹಂತ 6: ಬೀಜ, ಬೇರು, ಪುಡಿಗಳನ್ನು ಸೋಸಿ

ಉಪಯೋಗವಿರುವವು ಕೆಲವು ಇವೆ, ಎಲ್ಲ ಚಿಕ್ಕ ಉಪಯೋಗ. ಇಸಬ್‌ಗೋಲ್ ದೊಡ್ಡ ಲೋಟ ನೀರಿನೊಂದಿಗೆ ದಿನವೂ ತೆಗೆದುಕೊಂಡರೆ ಎಲ್‌ಡಿಎಲ್ ಸ್ವಲ್ಪ ಇಳಿಯುತ್ತದೆ. ಥೈರಾಯ್ಡ್ ಮಾತ್ರೆಗೂ ಅದಕ್ಕೂ ಕೆಲವು ಗಂಟೆ ಅಂತರವಿರಲಿ. ಅಗಸೆಬೀಜವನ್ನು ಹುರಿದು ಪುಡಿ ಮಾಡಿ ದಿನಕ್ಕೆ ಒಂದೆರಡು ಚಮಚ ತಿನ್ನಬಹುದು. ಇಡೀ ಬೀಜ ಹಾಗೇ ಹೊರಗೆ ಹೋಗುತ್ತದೆ. ಸೋಯಾ ಕಾಳು, ಸೋಯಾ ಚಂಕ್ಸ್ ಊಟದಲ್ಲಿ ಒಳ್ಳೆಯ ಪ್ರೋಟೀನ್. ಆದರೆ ಸೋಯಾದ ಸಾರ ತೆಗೆದು 'ಸಹಜ ಈಸ್ಟ್ರೋಜನ್' ಎಂದು ಮಾರುವ ಮಾತ್ರೆಗಳು ಬೇರೆ. ಸ್ತನ ಕ್ಯಾನ್ಸರ್ ಆದವರು ಕ್ಯಾನ್ಸರ್ ವೈದ್ಯರನ್ನು ಕೇಳದೆ ಅವನ್ನು ಮುಟ್ಟಬಾರದು. ಮೆಂತ್ಯ ನೆನೆಸಿ ತಿನ್ನಿ, ಅದನ್ನು ನಂಬಿ ಶುಗರ್ ಮಾತ್ರೆ ಬಿಡಬೇಡಿ.

ಗಿಡಮೂಲಿಕೆ ಎಂದ ಮಾತ್ರಕ್ಕೆ ನಿರಪಾಯವಲ್ಲ. ಕೋವಿಡ್ ಕಾಲದಲ್ಲಿ ಅಮೃತಬಳ್ಳಿ ಕಷಾಯವನ್ನು ತಿಂಗಳುಗಟ್ಟಲೆ ಕುಡಿದ ಕೆಲವರಿಗೆ ಲಿವರ್ ಊತ ಬಂದದ್ದನ್ನು ಮುಂಬೈನ ವೈದ್ಯರು 2021ರಲ್ಲಿ ವರದಿ ಮಾಡಿದ್ದರು. ಫ್ಯಾಟಿ ಲಿವರ್ ಇರುವವರು, ಸ್ತನ ಕ್ಯಾನ್ಸರ್‌ಗೆ ಕೊಡುವ ಟ್ಯಾಮಾಕ್ಸಿಫೆನ್ ತೆಗೆದುಕೊಳ್ಳುವವರು ಇನ್ನಷ್ಟು ಜೋಪಾನ. ಟ್ಯಾಮಾಕ್ಸಿಫೆನ್ ತಾನೇ ಲಿವರ್‌ನಲ್ಲಿ ಕೊಬ್ಬು ಸೇರಿಸಬಲ್ಲದು. ಅತ್ತಿಗೆಯ ಕಪಾಟಿನಲ್ಲಿ ಹೆಸರಿಲ್ಲದ ಐದು ಡಬ್ಬಿ ಪುಡಿ ಸಿಕ್ಕವು. ಐದನ್ನೂ ವೈದ್ಯರ ಮೇಜಿನ ಮೇಲೆ ಇಟ್ಟೆವು.

ಹಂತ 7: ಮಾತ್ರೆ ಬೇಕಾದರೆ ತೆಗೆದುಕೊಳ್ಳಿ

ಊಟ, ನಡಿಗೆ ಸರಿ ಮಾಡಿಯೂ ಅಂಕಿ ಇಳಿಯದಿದ್ದರೆ ಅದು ನಿಮ್ಮ ಸೋಲಲ್ಲ. ಈಸ್ಟ್ರೋಜನ್ ಇಲ್ಲದ ಲಿವರ್ ಕೊಲೆಸ್ಟ್ರಾಲನ್ನು ಮೊದಲಿನಂತೆ ಎಳೆದುಕೊಳ್ಳದು, ಸಂಕಲ್ಪದಿಂದ ಅದನ್ನು ಬದಲಿಸಲಾಗದು.

ಮೆಟ್‌ಫಾರ್ಮಿನ್ ಹಳೆಯ, ಅಗ್ಗದ, ನಂಬಿಕಸ್ಥ ಶುಗರ್ ಮಾತ್ರೆ. ಚೆನ್ನೈನ ಪ್ರಯೋಗದಲ್ಲಿ 250 ಮಿಲಿಗ್ರಾಂ ದಿನಕ್ಕೆರಡು ಬಾರಿ ಕೊಟ್ಟ ಸಣ್ಣ ಡೋಸ್ ಕೂಡ ಜೀವನಕ್ರಮ ತಿದ್ದಿಕೊಂಡಷ್ಟೇ ಫಲ ಕೊಟ್ಟಿತು. ಊಟದ ಜೊತೆ ತೆಗೆದುಕೊಂಡರೆ ಹೊಟ್ಟೆ ಕೆಡುವುದು ಕಡಿಮೆ. ಕಿಡ್ನಿ ಪರೀಕ್ಷೆ ಆಗಾಗ ಬೇಕು, ವರ್ಷಗಟ್ಟಲೆ ತೆಗೆದುಕೊಳ್ಳುವವರು ಬಿ12 ನೋಡಿಸಬೇಕು.

ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಬಗ್ಗೆ ಹೆಂಗಸರಲ್ಲಿ ಇರುವಷ್ಟು ಹೆದರಿಕೆ ಬೇರೆ ಮಾತ್ರೆಗಿಲ್ಲ. ಎಲ್‌ಡಿಎಲ್ 39 ಅಂಕಿ ಇಳಿದರೆ ಹೃದಯಾಘಾತ, ಪಾರ್ಶ್ವವಾಯುಗಳಂಥ ದೊಡ್ಡ ಅಪಾಯ ಸುಮಾರು ಐದನೇ ಒಂದು ಪಾಲು ಕಡಿಮೆಯಾಗುತ್ತದೆ, ಹೆಂಗಸರಲ್ಲೂ ಗಂಡಸರಲ್ಲೂ. ಕೆಲವರಿಗೆ ಸ್ನಾಯು ನೋವು ಬರುತ್ತದೆ, ಶುಗರ್ ತುಸು ಏರಬಹುದು. ನೋವು ಬಂದರೆ ನೀವೇ ನಿಲ್ಲಿಸದೆ ಹೇಳಿ, ಡೋಸ್ ಇಳಿಸಬಹುದು, ಬೇರೆಯದಕ್ಕೆ ಬದಲಿಸಬಹುದು. ನಲವತ್ತಕ್ಕೆ ಮೊದಲು ಮುಟ್ಟು ನಿಂತಿದ್ದರೆ ಅದನ್ನು ವೈದ್ಯರಿಗೆ ತಪ್ಪದೆ ಹೇಳಿ. ಹೃದಯದ ಅಪಾಯದ ಲೆಕ್ಕಕ್ಕೆ ಅದೂ ಸೇರುತ್ತದೆ.

ಸೆಮಾಗ್ಲುಟೈಡ್, ಟಿರ್ಜೆಪಟೈಡ್ ಚುಚ್ಚುಮದ್ದುಗಳು ತೂಕವನ್ನೂ ಶುಗರನ್ನೂ ನಿಜವಾಗಿಯೂ ಇಳಿಸುತ್ತವೆ. ಕೊಬ್ಬಿನ ಜೊತೆ ಸ್ನಾಯುವೂ ಇಳಿಯುತ್ತದೆ, ಬಿಟ್ಟರೆ ತೂಕ ಮರಳುತ್ತದೆ. ಹಂತ 3, 4 ಗಟ್ಟಿಯಾಗದೆ, ತಜ್ಞರ ನಿಗಾ ಇಲ್ಲದೆ ಶುರು ಮಾಡಬೇಡಿ. ಹಳೆಯ ಮಾತ್ರೆಗಳೆಲ್ಲ ಜನೌಷಧಿ ಕೇಂದ್ರದಲ್ಲಿ ಕಡಿಮೆ ಬೆಲೆಗೆ ಸಿಗುತ್ತವೆ. ಬ್ರ್ಯಾಂಡ್ ಹೆಸರಿನ ಬದಲು ಔಷಧಿಯ ಹೆಸರು ಬರೆದುಕೊಡಲು ಕೇಳಿ.

ಹಂತ 8: ಮೂರು ತಿಂಗಳಿಗೆ ಮತ್ತೆ

ಎಚ್‌ಬಿಎ1ಸಿ ತೋರಿಸುವುದು ಹಿಂದಿನ ಎರಡು ಮೂರು ತಿಂಗಳನ್ನು, ಆದ್ದರಿಂದ ಅದಕ್ಕೆ ಮುಂಚೆ ಮಾಡಿಸಿದರೆ ದುಡ್ಡು ದಂಡ. ಹೋಗುವಾಗ ಹಳೆಯ ಹಾಳೆ, ಊಟದ ಪುಸ್ತಕ, ಮನೆಯ ಬಿಪಿ ಅಂಕಿಗಳು, ಎಲ್ಲ ಮಾತ್ರೆಗಳ ಪಟ್ಟಿ ಒಯ್ಯಿರಿ. ಮೂರು ಪ್ರಶ್ನೆ ಮೊದಲೇ ಬರೆದುಕೊಳ್ಳಿ, ಒಳಗೆ ಹೋದ ಮೇಲೆ ಮರೆತುಹೋಗುತ್ತದೆ. ನನ್ನ ಎಲ್‌ಡಿಎಲ್ ಎಷ್ಟಕ್ಕೆ ಇಳಿಯಬೇಕು? ಫ್ಯಾಟಿ ಲಿವರ್ ಎಷ್ಟು ಗಂಭೀರ? ಮೂಳೆ ಸಾಂದ್ರತೆ ನೋಡಬೇಕೇ?

ಈ ನಡುವೆ ಎದೆ ಬಿಗಿತ, ದವಡೆ ಅಥವಾ ಬೆನ್ನಿಗೆ ಹರಡುವ ನೋವು, ಕಾರಣವಿಲ್ಲದ ಉಬ್ಬಸ, ತಣ್ಣನೆ ಬೆವರು, ವಾಕರಿಕೆ ಬಂದರೆ ಗ್ಯಾಸ್ ಎಂದುಕೊಂಡು ಬೆಳಗಿನವರೆಗೆ ಕಾಯಬೇಡಿ. ಹೆಂಗಸರಲ್ಲಿ ಹೃದಯಾಘಾತ ಹೀಗೂ ಬರುತ್ತದೆ. 108ಕ್ಕೆ ಕರೆ ಮಾಡಿ.

ಮೊನ್ನೆ ಅತ್ತಿಗೆಯ ಎರಡನೇ ರಿಪೋರ್ಟ್ ಬಂತು. ಎಚ್‌ಬಿಎ1ಸಿ 5.8. ಎಲ್‌ಡಿಎಲ್ ಊಟದಿಂದ 146ಕ್ಕೆ ಮಾತ್ರ ಇಳಿದಿತ್ತು, ವೈದ್ಯರು ಸ್ಟ್ಯಾಟಿನ್ ಬರೆದಿದ್ದಾರೆ. ತೂಕ ಎರಡೇ ಕಿಲೋ ಇಳಿದಿದೆ. ದಾರವನ್ನು ಅವರು ಒಗ್ಗರಣೆ ಡಬ್ಬಿಯ ಮೇಲೆ ಸುತ್ತಿಟ್ಟಿದ್ದಾರೆ, ತಿಂಗಳಿಗೊಮ್ಮೆ ಬಿಚ್ಚಿ ಅಳೆಯುತ್ತಾರೆ. ತುದಿಗಳು ಸೇರಲು ಮೊದಲು ನಾಲ್ಕು ಬೆರಳು ಬಾಕಿಯಿತ್ತು, ಈಗ ಎರಡು.